ಬಿಂಬಿಸಾರನ ಕೊನೆಯ ದಿನಗಳು



ಬಾಬಾಸಾಹೇಬರ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಿಂಬಿಸಾರನ ದೀಕ್ಷೆಯ ಪ್ರಸಂಗ ಓದಿದ್ದೇವೆ. ವೇಣುವನವನ್ನು ಸಂಘಕ್ಕೆ ಕೊಟ್ಟ ಮಗಧದ ರಾಜ ಎಂದರೆ ನಮ್ಮ ಮಕ್ಕಳಿಗೂ ಗೊತ್ತು. ಅವನ ಮುಪ್ಪಿನ ಕಥೆಯನ್ನು ಮಾತ್ರ ಯಾರೂ ಹೆಚ್ಚು ಹೇಳುವುದಿಲ್ಲ. ಇವತ್ತು ಅದನ್ನೇ ಬರೆಯುತ್ತೇನೆ.

ಪಾಲಿ ಪರಂಪರೆಯ ಪ್ರಕಾರ ಅವನು ಭಗವಾನರಿಗಿಂತ 5 ವರ್ಷ ಕಿರಿಯ. 15ನೇ ವಯಸ್ಸಿಗೆ ಪಟ್ಟವೇರಿ 52 ವರ್ಷ ಆಳಿದ. ಅಂದರೆ ಸೆರೆಮನೆಗೆ ಬಿದ್ದಾಗ 67ರ ಆಸುಪಾಸು. ನಮ್ಮ ಮನೆಗಳಲ್ಲಿ ಆ ವಯಸ್ಸಿನವರು ಬಿಪಿ, ಶುಗರ್ ಮಾತ್ರೆ ಎಣಿಸಿಕೊಂಡು ಇರುತ್ತಾರೆ.

ಅವನೂ ಕಾಯಿಲೆ ಕಂಡವನೇ. ಒಮ್ಮೆ ಭಗಂದರವಾಗಿ ಬಟ್ಟೆಯೆಲ್ಲ ರಕ್ತವಾಗುತ್ತಿತ್ತು. ರಾಣಿಯರು ನಗೆಯಾಡಿದರು, ರಾಜ ನಾಚಿಕೆಯಿಂದ ಕುಗ್ಗಿದ. ತಕ್ಷಶಿಲೆಯಲ್ಲಿ 7 ವರ್ಷ ಕಲಿತು ಬಂದಿದ್ದ ಜೀವಕ ಒಂದೇ ಸಲ ಲೇಪ ಹಚ್ಚಿ ಗುಣಪಡಿಸಿದನೆಂದು ವಿನಯಪಿಟಕ ಹೇಳುತ್ತದೆ. ರಾಜ ಅವನನ್ನು ತನಗೂ ಅಂತಃಪುರಕ್ಕೂ ಬುದ್ಧ ಪ್ರಮುಖ ಸಂಘಕ್ಕೂ ವೈದ್ಯನನ್ನಾಗಿ ನೇಮಿಸಿದ. ಭಿಕ್ಷುಗಳ ಕಾಯಿಲೆಗೆ ರಾಜವೈದ್ಯನನ್ನೇ ಕೊಟ್ಟವನು ಅವನು.

ಮಗ ಅಜಾತಶತ್ರು ದೇವದತ್ತನ ಮಾತು ಕೇಳಿ ಕಠಾರಿ ಕಟ್ಟಿಕೊಂಡು ಅಂತಃಪುರಕ್ಕೆ ನುಗ್ಗಿ ಸಿಕ್ಕಿಬಿದ್ದ. ಕೊಲ್ಲಬೇಕೆಂದು ಕೆಲವು ಮಂತ್ರಿಗಳು ಹೇಳಿದರೂ ಅಪ್ಪ ರಾಜ್ಯವನ್ನೇ ಬಿಟ್ಟುಕೊಟ್ಟ. ಮಗನಿಗೆ ಅದೂ ಸಾಲಲಿಲ್ಲ. ಮುದಿ ತಂದೆಯನ್ನು ಕೈದಿಗಳನ್ನು ಹಿಂಸಿಸುವ ಹೊಗೆಮನೆಗೆ ಹಾಕಿ ಅನ್ನ ನಿಲ್ಲಿಸಿದ. ತಾಯಿಯನ್ನು ಬಿಟ್ಟು ಬೇರೆ ಯಾರನ್ನೂ ಒಳಗೆ ಬಿಡಬಾರದೆಂದು ಅಪ್ಪಣೆ. ಹಾಗಾಗಿ ಜೀವಕನಿಗೂ ಬಾಗಿಲು ಮುಚ್ಚಿತು.

ಕೋಸಲಾದೇವಿ ಮಡಿಲಲ್ಲಿ ಅನ್ನ ಬಚ್ಚಿಟ್ಟು ತಂದಳು. ಕಾವಲುಗಾರರು ಪತ್ತೆ ಮಾಡಿದರು. ತುರುಬಿನಲ್ಲಿ ತಂದಳು, ಆಮೇಲೆ ಪಾದರಕ್ಷೆಯಲ್ಲಿ. ಅವೂ ಸಿಕ್ಕಿಬಿದ್ದ ಮೇಲೆ ಮೈಗೆ ಚತುರ್ಮಧುರ ಬಳಿದುಕೊಂಡು ಬಂದಳು. ಗಂಡ ಅದನ್ನು ನೆಕ್ಕಿ ಜೀವ ಹಿಡಿದ. ಕೊನೆಗೆ ಅವಳನ್ನೂ ತಡೆದರು.

ಇದನ್ನು ಓದುವಾಗ ನನಗೆ ನಮ್ಮ ದೊಡ್ಡಪ್ಪನ ನೆನಪು. ಜಮೀನಿನ ಕೇಸಿನಲ್ಲಿ ವಿಚಾರಣಾಧೀನ ಕೈದಿಯಾಗಿ 4 ತಿಂಗಳು ಒಳಗಿದ್ದರು, ವಯಸ್ಸು 70 ದಾಟಿತ್ತು. ದೊಡ್ಡಮ್ಮ ವಾರಕ್ಕೊಮ್ಮೆ ಬಿಪಿ ಮಾತ್ರೆಗಳನ್ನು ಕವರಿಗೆ ಹಾಕಿ, ಹೆಸರು ಬರೆಸಿ, ಗೇಟಿನಲ್ಲಿ ಕೊಟ್ಟು ಬರುತ್ತಿದ್ದರು. ಜಾಮೀನಾಗಿ ಹೊರಬಂದಾಗ ಎರಡೂ ಕಾಲು ಊದಿದ್ದವು. ವಾಪಸು ಕೊಟ್ಟ ಅವರ ಬಟ್ಟೆ ಗಂಟಿನಲ್ಲಿ ಮೂರು ಕವರು ಹಾಗೇ ಇದ್ದವು, ಪಿನ್ನೂ ಬಿಚ್ಚಿರಲಿಲ್ಲ. ಕೇಸು ಆಮೇಲೆ ಬಿದ್ದುಹೋಯಿತು. ಕಾಲು ಸರಿಹೋಗಲಿಲ್ಲ.

ಅನ್ನ ಪೂರ್ತಿ ನಿಂತ ಮೇಲೂ ಬಿಂಬಿಸಾರ ಬದುಕಿದ್ದ. ಸ್ರೋತಾಪನ್ನನಾಗಿದ್ದ ಅವನು ಕೋಣೆಯಲ್ಲೇ ಅತ್ತಿಂದಿತ್ತ ಚಂಕ್ರಮಣ ಮಾಡುತ್ತ ಆ ಸುಖದಲ್ಲೇ ದಿನ ಕಳೆದನಂತೆ, ಮುಖದ ಕಳೆ ಕುಂದಲಿಲ್ಲವಂತೆ. ಅಟ್ಠಕಥೆಯ ಮಾತಿದು, ಉಪವಾಸದ ಮುದುಕ ನಡೆದೇ ಬದುಕುತ್ತಾನೆಯೇ ಎಂದು ಹತ್ತನೇ ತರಗತಿಯ ಹುಡುಗನೊಬ್ಬ ನನ್ನನ್ನು ಕೇಳಿದ್ದ. ಮಗನಿಗೆ ಅದು ಸುದ್ದಿಯಾಯಿತು. ಕ್ಷೌರಿಕನನ್ನು ಕಳಿಸಿದ. ಮಗನ ಮನಸ್ಸು ಕರಗಿತು, ಗಡ್ಡ ತೆಗೆಯಲು ಕಳಿಸಿದ್ದಾನೆ ಎಂದುಕೊಂಡ ಮುದುಕ. ಬಂದವನು ಅಂಗಾಲು ಸೀಳಿ, ಉಪ್ಪು ಎಣ್ಣೆ ಸವರಿ, ಕೆಂಡದ ಮೇಲೆ ಕಾಯಿಸಿದ. ಬಿಂಬಿಸಾರ ಸತ್ತ.

ಅದೇ ದಿನ ಅಜಾತಶತ್ರುವಿಗೆ ಗಂಡುಮಗು ಹುಟ್ಟಿತು. ಮಗುವಿನ ಮೇಲೆ ಮಮತೆ ಉಕ್ಕಿ, ತನ್ನಪ್ಪನಿಗೂ ತನ್ನ ಮೇಲೆ ಹೀಗೇ ಇತ್ತೇ ಎಂದು ತಾಯಿಯನ್ನು ಕೇಳಿದ. ಚಿಕ್ಕವನಿದ್ದಾಗ ಅವನ ಬೆರಳಿಗೆ ಕುರು ಎದ್ದು ಅಳು ನಿಲ್ಲದೆ ಇದ್ದಾಗ, ಅಪ್ಪ ಆ ಬೆರಳನ್ನು ಬಾಯಲ್ಲಿಟ್ಟುಕೊಂಡನು, ಕುರು ಬಾಯಲ್ಲೇ ಒಡೆದರೂ ಉಗುಳದೆ ನುಂಗಿದನು ಎಂದು ಅವಳು ಹೇಳಿದಳು. ಬಿಡುಗಡೆಗೆ ಆಳು ಅಟ್ಟುವ ಹೊತ್ತಿಗೆ ಸಾವಿನ ಸುದ್ದಿ ಬಂದಿತ್ತು.

ರಾಜಗೀರದಲ್ಲಿ ಬಿಂಬಿಸಾರನ ಸೆರೆಮನೆ ಎಂದು ತೋರಿಸುವ ಕಲ್ಲಿನ ಆವರಣ ಈಗಲೂ ಇದೆ. ಸುಮಾರು 60 ಮೀಟರ್ ಚೌಕ, ಗೋಡೆ 2 ಮೀಟರ್ ದಪ್ಪ. ಅಲ್ಲಿಂದ ಗೃಧ್ರಕೂಟ ಕಾಣುತ್ತದೆ. ಮೂರು ವರ್ಷದ ಹಿಂದೆ ನಮ್ಮ ಬಳಗ ಹೋದಾಗ ದೊಡ್ಡಮ್ಮನೂ ಬಂದಿದ್ದರು. ಉಳಿದವರು ಫೋಟೊ ತೆಗೆಯುತ್ತಿದ್ದರೆ ಅವರು ಗೋಡೆಗುಂಟ ಒಂದು ಸುತ್ತು ನಡೆದು ಬಂದು, ಬಾಗಿಲು ಯಾವ ಕಡೆ ಇತ್ತು ಎಂದು ನನ್ನನ್ನು ಕೇಳಿದರು.

ಜೈ ಭೀಮ್.