ಅಜ್ಜಿಮನೆ ದಾರಿಯಲ್ಲೊಂದು ಹಳೆಯ ಪೇಟೆ



ಚಿಕಾಗೋದ ಸ್ಟೇಟ್ ಸ್ಟ್ರೀಟ್‌ನಲ್ಲಿರುವ ದೊಡ್ಡ ಅಂಗಡಿಯನ್ನು ಮಕ್ಕಳೇ, ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ಬೀದಿಯುದ್ದಕ್ಕೂ ಹಬ್ಬಿದ ಕಲ್ಲಿನ ಕಟ್ಟಡ, ಮೂಲೆಯಲ್ಲಿ ಗೋಡೆಯಿಂದ ಹೊರಚಾಚಿದ ಭಾರಿ ಗಡಿಯಾರ. 1892ರಿಂದ 1914ರವರೆಗೆ ಹಂತ ಹಂತವಾಗಿ ಎದ್ದ ಕಟ್ಟಡ ಅದು. ಬಾಗಿಲ ಮೇಲೆ ಈಗ ಮೇಸೀಸ್ ಎಂಬ ಹೆಸರಿದೆ. ಆದರೆ ಊರಿನ ಹಿರಿಯರ ಬಾಯಲ್ಲಿ ಅದು ಇವತ್ತಿಗೂ ಮಾರ್ಷಲ್ ಫೀಲ್ಡ್ಸ್. 2006ರಲ್ಲಿ ಹೆಸರು ಬದಲಾದಾಗ ಜನ ಅಂಗಡಿಯ ಮುಂದೆ ನಿಂತು ಪ್ರತಿಭಟಿಸಿದ್ದರು. ಮೂರು ತಲೆಮಾರು ಹಬ್ಬದ ಬಟ್ಟೆ ಕೊಂಡ ಜಾಗ, ‘ಗಡಿಯಾರದ ಕೆಳಗೆ ಸಿಗೋಣ’ ಎಂದು ಹೇಳಿಕೊಂಡ ಜಾಗ. ಅದರ ಹೆಸರನ್ನು ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ.

ನಮ್ಮ ಕನ್ನಡ ಕೂಟದ ಕಳೆದ ದೀಪಾವಳಿ ಕಾರ್ಯಕ್ರಮದಲ್ಲಿ ನಿಮ್ಮಲ್ಲೊಬ್ಬಳು ನನ್ನನ್ನು ಕೇಳಿದಳು: “ಅಂಕಲ್, ನಿಮ್ಮ ಕುಂದಾಪುರದಲ್ಲಿ ಅಂಥ ಹಳೆಯ ದೊಡ್ಡ ಅಂಗಡಿ ಇದೆಯಾ?” ಊಟದ ಗದ್ದಲದಲ್ಲಿ ಸರಿಯಾಗಿ ಉತ್ತರಿಸಲು ಆಗಲಿಲ್ಲ. ಆ ಉತ್ತರವನ್ನು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ.

ಇದೆ ಮಗೂ. ಆದರೆ ಅದು ಒಂದು ಕಟ್ಟಡವಲ್ಲ, ಒಂದು ಊರು. ಹೆಸರು ಬಸ್ರೂರು.

ನದಿಯ ದಡದ ಪೇಟೆ

ಕರ್ನಾಟಕದ ಕರಾವಳಿಯಲ್ಲಿರುವ ಕುಂದಾಪುರದ ಮೂರು ಕಡೆಯೂ ನೀರು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಅಲ್ಲಿ ಕೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಬಳಿ ಸಮುದ್ರ ಸೇರುತ್ತವೆ. ಅಳಿವೆಯಿಂದ ವಾರಾಹಿ ಹೊಳೆಯಲ್ಲಿ ಮೇಲಕ್ಕೆ ಹೋದರೆ, ಕುಂದಾಪುರದಿಂದ ಮೂಡಣಕ್ಕೆ ಸುಮಾರು ಆರು ಕಿಲೋಮೀಟರ್ ದೂರದಲ್ಲಿ ಬಸ್ರೂರು ಸಿಗುತ್ತದೆ. ಇವತ್ತು ಬಸ್ಸಿನಲ್ಲಿ ಹೋದರೆ ತೆಂಗಿನ ತೋಟ, ಹಂಚಿನ ಮನೆ, ಶಾಲೆ, ಕಾಲೇಜು, ಹಳೆಯ ದೇವಸ್ಥಾನಗಳಿರುವ ಶಾಂತ ಊರು. ಆದರೆ ಏಳುನೂರು ವರ್ಷಗಳ ಹಿಂದೆಯೇ ಸಮುದ್ರದಾಚೆಯ ಜನರಿಗೆ ಇದರ ಹೆಸರು ಗೊತ್ತಿತ್ತು.

14ನೆಯ ಶತಮಾನದಲ್ಲಿ ಮೊರಾಕ್ಕೋ ದೇಶದ ಇಬ್ನ್ ಬತೂತ ಎಂಬ ಪ್ರವಾಸಿ ನಮ್ಮ ಕರಾವಳಿಯಲ್ಲಿ ಹಾದುಹೋದ. ಅವನ ಬರಹದಲ್ಲಿ ‘ಅಬು ಸರೂರ್’ ಎಂಬ ಊರಿನ ಹೆಸರು ಬರುತ್ತದೆ. ದೊಡ್ಡ ಹಿನ್ನೀರಿನ ಪಕ್ಕದ, ತೆಂಗು ತುಂಬಿದ ಊರು ಎನ್ನುತ್ತಾನೆ ಅವನು. ಅದೇ ನಮ್ಮ ಬಸ್ರೂರು. ಅಲ್ಲಿಂದ ಮುಂದೆ ಅವನು ‘ಫಾಕನೂರ್’ ತಲುಪಿದ. ಅದು ಈಗ ಬ್ರಹ್ಮಾವರ ತಾಲೂಕಿನಲ್ಲಿರುವ ಬಾರಕೂರು. ಆಮೇಲೆ ಬಂದ ಪೋರ್ಚುಗೀಸರು ಬಸ್ರೂರನ್ನು ‘ಬಾರ್ಸೆಲೋರ್’ ಎಂದರು. ಒಂದೇ ಊರನ್ನು ಬೇರೆ ಬೇರೆ ದೇಶದ ನಾಲಿಗೆಗಳು ಹೀಗೆ ತಮ್ಮ ತಮ್ಮ ರೀತಿಯಲ್ಲಿ ಉಚ್ಚರಿಸಿದ್ದವು. ಶಾಲೆಯಲ್ಲಿ ನಿಮ್ಮ ಹೆಸರನ್ನು ಯಾರಾದರೂ ಸ್ವಲ್ಪ ತಿರುಚಿ ಕೂಗಿದಾಗ ಇದನ್ನು ನೆನಪಿಸಿಕೊಳ್ಳಿ.

ಹಡಗು ತುಂಬ ಅಕ್ಕಿ

ಬಸ್ರೂರಿನಲ್ಲಿ ಏನು ಸಿಗುತ್ತಿತ್ತು? ಮೊದಲಿಗೆ ಅಕ್ಕಿ. ಈಗ ನಿಮಗೆ ಅಕ್ಕಿ ಎಂದರೆ ಇಂಡಿಯನ್ ಸ್ಟೋರ್‌ನ ಹತ್ತು ಕಿಲೋ ಚೀಲ. ಆಗ ಅರಬಸ್ಥಾನದ ಬಂದರುಗಳಲ್ಲಿ ನಮ್ಮ ಕರಾವಳಿಯ ಅಕ್ಕಿಗೆ ಜನ ಕಾಯುತ್ತಿದ್ದರು. ಮರಳುಗಾಡಿನ ಪಕ್ಕದ ಊರುಗಳಲ್ಲಿ ಭತ್ತ ಬೆಳೆಯುವುದಿಲ್ಲ. 16ನೆಯ ಶತಮಾನದ ಆರಂಭದಲ್ಲಿ ದುಆರ್ತೆ ಬಾರ್ಬೋಸಾ ಎಂಬ ಪೋರ್ಚುಗೀಸ್ ಅಧಿಕಾರಿ, ಬಸ್ರೂರು ಮತ್ತು ಬಾರಕೂರುಗಳಿಂದ ಒಳ್ಳೆಯ ಅಕ್ಕಿ ಹೇರಿಕೊಂಡ ಹಡಗುಗಳು ಹೊರ್ಮುಜ್, ಏಡನ್ ಬಂದರುಗಳಿಗೆ ಹೋಗುವುದನ್ನು ಬರೆದಿಟ್ಟಿದ್ದಾನೆ. ಮಲಬಾರಿನ ದೋಣಿಗಳೂ ಇಲ್ಲಿಗೆ ಬಂದು ಅಕ್ಕಿ ಒಯ್ಯುತ್ತಿದ್ದವು. ಪೋರ್ಚುಗೀಸರ ಕಾಗದಗಳಲ್ಲಿ ಭತ್ತಕ್ಕೆ ‘ಬಾತೆ’ ಎಂಬ ಪದವಿದೆ. ಅದು ನಮ್ಮ ‘ಭತ್ತ’ವೇ.

ಚೀಲಗಳಿಲ್ಲದ ಕಾಲದಲ್ಲಿ ಅಕ್ಕಿಯನ್ನು ಕೆಡದಂತೆ ಹೇಗೆ ಇಡುತ್ತಿದ್ದರು ಗೊತ್ತೇ? ಮುಡಿ ಕಟ್ಟಿ. ಬೈಂದೂರು ಕಡೆಯ ನಮ್ಮ ಅಜ್ಜನ ಮನೆಯ ಅಂಗಳದಲ್ಲಿ ಮುಡಿ ಕಟ್ಟುವುದನ್ನು ನಾನು ಚಿಕ್ಕವನಿದ್ದಾಗ ಕೂತು ನೋಡಿದ್ದೇನೆ. ಒಣಗಿದ ಬೈಹುಲ್ಲನ್ನು ಸೂರ್ಯನ ಕಿರಣಗಳ ಹಾಗೆ ಸುತ್ತಲೂ ಹರಡುತ್ತಿದ್ದರು. ನಡುವೆ ಅಕ್ಕಿ ಅಳೆದು ಸುರಿಯುತ್ತಿದ್ದರು. ಆಮೇಲೆ ಹುಲ್ಲಿನ ತುದಿಗಳನ್ನು ಮೇಲಕ್ಕೆಳೆದು ಜಡೆಯಂತೆ ಕೂಡಿಸಿ, ಹುಲ್ಲಿನದೇ ಹಗ್ಗ ಹೊಸೆದು ಸುತ್ತ ಬಿಗಿಯುತ್ತಿದ್ದರು. ಒಬ್ಬರು ಬಿಗಿದಂತೆ ಇನ್ನೊಬ್ಬರು ಮರದ ಕೊಡತಿಯಿಂದ ತಟ್ಟುತ್ತಿದ್ದರು. ತಟ್ಟಿದಷ್ಟೂ ಅದು ಗುಂಡಗಾಗುತ್ತಿತ್ತು. ಕೊನೆಗೆ ಒಂದು ಕಾಳೂ ಹೊರಬಾರದ, ಕಲ್ಲಿನಷ್ಟು ಗಟ್ಟಿಯಾದ ಉಂಡೆ. ಒಂದು ಮುಡಿಗೆ 42 ಸೇರು ಲೆಕ್ಕ. ಅಟ್ಟದ ಮೇಲೆ ಪೇರಿಸಿಟ್ಟರೆ ಮಳೆಗಾಲ ಪೂರ್ತಿ ಕಳೆದರೂ ಮುಗ್ಗು ಹಿಡಿಯುವುದಿಲ್ಲ. ನಮ್ಮ ಕರಾವಳಿಯ ಶಾಸನಗಳು ದೇವಸ್ಥಾನಕ್ಕೆ ಕೊಟ್ಟ ದಾನವನ್ನು ಲೆಕ್ಕ ಹಾಕುವುದೂ ಅಕ್ಕಿಯ ‘ಮೂಡೆ’, ‘ಹಾನೆ’ ಎಂಬ ಅಳತೆಗಳಲ್ಲಿ. ಮೂಡೆ ಎಂದರೆ ಮುಡಿಯೇ. ಅಜ್ಜನ ಅಂಗಳದ ಅಳತೆಗೂ ಕಲ್ಲಿನ ಮೇಲಿನ ಅಳತೆಗೂ ಒಂದೇ ಬಳ್ಳಿ.

ಅಕ್ಕಿಯ ಜೊತೆಗೆ ಘಟ್ಟದಿಂದ ಕಾಳುಮೆಣಸು ಬರುತ್ತಿತ್ತು. ಹೇರಿನ ಎತ್ತುಗಳು ಸಾಲುಸಾಲಾಗಿ ಘಟ್ಟ ಇಳಿದು ಹೊಸಂಗಡಿಯ ದಾರಿಯಲ್ಲಿ ಹೊಳೆಯ ಬದಿಗೆ ಬರುತ್ತಿದ್ದವು. ಹೊರಗಿನಿಂದ ತಾಮ್ರ ಬರುತ್ತಿತ್ತು, ಕುದುರೆಗಳು ಬರುತ್ತಿದ್ದವು. ಜೂನ್‌ನಿಂದ ಮೂರು ತಿಂಗಳು ಮಳೆಗಾಳಿಗೆ ಕಡಲು ಮುಚ್ಚಿರುತ್ತಿತ್ತು. ಮಳೆ ತಗ್ಗಿ ಗಾಳಿ ತಿರುಗಿದ ಮೇಲೆ ಮತ್ತೆ ಪತ್ತೆಮಾರಿ ಹಡಗುಗಳ ಹಾಯಿ ಕಾಣಿಸುತ್ತಿತ್ತು. ಆ ಪೇಟೆಯ ಬಾಗಿಲು ತೆರೆಯುವ, ಮುಚ್ಚುವ ಹೊತ್ತನ್ನು ಗಾಳಿಯೇ ಹೇಳುತ್ತಿತ್ತು.

ಹಲರು ಎಂದರೆ ಯಾರು?

ಇಷ್ಟು ದೊಡ್ಡ ಪೇಟೆಯ ಯಜಮಾನ ಯಾರು? ಚಿಕಾಗೋದ ಅಂಗಡಿಗೆ ಮಾರ್ಷಲ್ ಫೀಲ್ಡ್ ಎಂಬ ಒಬ್ಬ ಯಜಮಾನನಿದ್ದ. ಬಸ್ರೂರಿಗೆ ಒಬ್ಬನಲ್ಲ, ‘ಹಲರು’ ಇದ್ದರು. ಹಲವರು ಸೇರಿದ ವರ್ತಕರ ಕೂಟಕ್ಕೆ ಶಾಸನಗಳಲ್ಲಿ ಇರುವ ಹೆಸರೇ ಹಲರು. ಊರಿನಲ್ಲಿ ಮೂಡುಕೇರಿ, ಪಡುಕೇರಿ ಎಂಬ ಭಾಗಗಳಿದ್ದವು. ಅಲ್ಲಿನ ಹಲರು, ಸೆಟ್ಟಿಕಾರರು ಶಾಸನಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತಾರೆ. ದೇವಸ್ಥಾನದ ದೀಪ, ನೈವೇದ್ಯ, ಛತ್ರದ ಊಟಕ್ಕೆ ಯಾರಾದರೂ ದಾನ ಕೊಟ್ಟರೆ ಅದನ್ನು ತಪ್ಪದೆ ನಡೆಸುವ ಹೊಣೆ ಇಂಥವರ ಮೇಲಿರುತ್ತಿತ್ತು. ಈ ಸೆಟ್ಟಿಗಳನ್ನು ಪೋರ್ಚುಗೀಸರು ‘ಶಾತಿಂ’ ಎಂದು ಕರೆದರು. ಬಸ್ರೂರಿನ ಶಾತಿಂಗಳೊಡನೆ ಅಕ್ಕಿಯ ಚೌಕಾಸಿ ಮಾಡದೆ ಅವರ ಗೋವಾದ ಅಡುಗೆಮನೆಗಳು ನಡೆಯುವುದು ಕಷ್ಟವಿತ್ತು.

ಇನ್ನೊಂದು ಪದ ನಿಮಗೆ ಹೇಳಲೇಬೇಕು: ‘ಹಂಜಮಾನ’. ಸಮುದ್ರದಾಚೆಯಿಂದ ಬಂದ ವರ್ತಕರ ಸಂಘಕ್ಕೆ ನಮ್ಮ ಕರಾವಳಿಯ ಶಾಸನಗಳಲ್ಲಿ ಈ ಹೆಸರಿದೆ. ಪಾರ್ಸಿ ಭಾಷೆಯ ‘ಅಂಜುಮನ್’ ಕನ್ನಡದ ಬಾಯಲ್ಲಿ ಹಂಜಮಾನವಾಯಿತು. ಬೇರೆ ದೇಶದಿಂದ, ಬೇರೆ ಧರ್ಮದಿಂದ ಬಂದ ಜನರ ಕೂಟಕ್ಕೆ ನಮ್ಮ ಹಿರಿಯರು ಕನ್ನಡದ ಕಲ್ಲಿನ ಮೇಲೆ ಜಾಗ ಕೊಟ್ಟಿದ್ದರು. ಇವತ್ತು ನಾವು ಪರದೇಶದಲ್ಲಿ ಕೂಟ ಕಟ್ಟಿಕೊಂಡಿದ್ದೇವೆ, ಬಾಡಿಗೆ ಸಭಾಂಗಣದಲ್ಲಿ ರಾಜ್ಯೋತ್ಸವ ಮಾಡುತ್ತೇವೆ. ಅಂದು ನಮ್ಮೂರಿಗೆ ಬಂದ ಪರದೇಶಿಗಳೂ ಹೀಗೇ ಕೂಟ ಕಟ್ಟಿಕೊಂಡಿದ್ದರು. ನನಗೆ ಬಸ್ರೂರಿನ ಕಥೆಯಲ್ಲಿ ಎಲ್ಲಕ್ಕಿಂತ ಹೆಮ್ಮೆ ತರುವ ಸಂಗತಿ ಇದು.

ಕೇರಿಗಳ ಬಾರಕೂರು

ಬ್ರಹ್ಮಾವರದ ಹತ್ತಿರ, ಸೀತಾನದಿಯ ದಡದ ಬಾರಕೂರು ಬಸ್ರೂರಿನ ಅಕ್ಕನಂತೆ. ಅದು ಆಳುಪ ಅರಸರ ರಾಜಧಾನಿಯಾಗಿತ್ತು, ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಕೇಂದ್ರವಾಗಿತ್ತು. ‘ಬಾರಕೂರು ಗದ್ಯಾಣ’ ಎಂದು ಊರಿನ ಹೆಸರಿನಲ್ಲೇ ಹಣವನ್ನು ಎಣಿಸುತ್ತಿದ್ದರು. ಈ ಊರಿಗೆ ಹತ್ತು ಕೇರಿ. ದೊಡ್ಡ ಅಂಗಡಿಯಲ್ಲಿ ಮಹಡಿಗೊಂದು ವಿಭಾಗ ಇರುವ ಹಾಗೆ ಇಲ್ಲಿ ಕೇರಿಗೊಂದು ಹೆಸರು, ಕೇರಿಗೊಂದು ಗುಡಿ. ಮೂಡುಕೇರಿ ಎಂದರೆ ಪೂರ್ವದ ಬೀದಿ, ಕೋಟೆಕೇರಿ ಎಂದರೆ ಕೋಟೆಯ ಬದಿಯ ಬೀದಿ.  ಅರಸರು ಹೋದರು, ಗದ್ಯಾಣ ಹೋಯಿತು. ಆದರೆ ಮಣಿಗಾರಕೇರಿ, ಚೌಳಿಕೇರಿ, ಕೋಟೆಕೇರಿ ಎಂದು ಇವತ್ತಿಗೂ ಅಲ್ಲಿನ ಜನ ವಿಳಾಸ ಹೇಳುತ್ತಾರೆ.

ಪೇಟೆ ಎಲ್ಲಿ ಹೋಯಿತು?

ಐಶ್ವರ್ಯ ಇದ್ದಲ್ಲಿಗೆ ಎಲ್ಲರ ಕಣ್ಣು. ಪೋರ್ಚುಗೀಸರು 1569ರಲ್ಲಿ ಹೊಳೆಯ ಕೆಳಭಾಗದಲ್ಲಿ, ಅಳಿವೆಯ ಕಡೆ ಕೋಟೆ ಕಟ್ಟಿದರು. 1623ರಲ್ಲಿ ಇಕ್ಕೇರಿಯಿಂದ ಘಟ್ಟ ಇಳಿದು ಬಂದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಲ್ಲೆ ಮೇಲಿನ ಬಾರ್ಸೆಲೋರ್, ಕೆಳಗಿನ ಬಾರ್ಸೆಲೋರ್ ಎಂದು ಎರಡನ್ನೂ ಬೇರೆಬೇರೆಯಾಗಿ ಹೇಳುತ್ತಾನೆ. ಮೇಲಿನದು ಕೆಳದಿಯ ಅರಸ ವೆಂಕಟಪ್ಪ ನಾಯಕನ ಬಸ್ರೂರು, ಕೆಳಗಿನದು ಪೋರ್ಚುಗೀಸರದು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಅಲ್ಲಿಂದ ಓಡಿಸಿದ. 1665ರ ಫೆಬ್ರವರಿಯಲ್ಲಿ ಶಿವಾಜಿ ಮಹಾರಾಜರು ಹಡಗುಪಡೆಯೊಂದಿಗೆ ಬಸ್ರೂರಿಗೆ ಬಂದಿಳಿದು ಅಪಾರ ಸಂಪತ್ತು ತೆಗೆದುಕೊಂಡು, ಗೋಕರ್ಣದ ಮಾರ್ಗವಾಗಿ ಮರಳಿದರು. 1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಗೆದ್ದ. ಘಟ್ಟದ ಮೇಲಿನ ರಾಜಧಾನಿ ಹೋದ ಮೇಲೆ ಆ ದಾರಿಯ ವ್ಯಾಪಾರವೂ ಇಳಿಯಿತು. ಕಾಲ ಸರಿದಂತೆ ಸರಕು ಹೊಳೆ ಬಿಟ್ಟು ರಸ್ತೆ ಹಿಡಿಯಿತು. ರಸ್ತೆಯ ಬದಿಯ ಕುಂದಾಪುರ ಬೆಳೆಯಿತು, ಹೊಳೆಯ ಬದಿಯ ಬಸ್ರೂರು ಹಿಂದೆ ಸರಿಯಿತು.

ಉಳಿದದ್ದನ್ನು ನೋಡಲು ಮಹಾಲಿಂಗೇಶ್ವರ ದೇವಸ್ಥಾನಕ್ಕೆ ಹೋಗಿ. ತುಳುವೇಶ್ವರನ ಹಳೆಯ ಗುಡಿಗೂ ಹೋಗಿ. ಅಲ್ಲಿ ಮರದ ಬೇರುಗಳು ಗೋಡೆಯನ್ನು ತಬ್ಬಿ ಹಿಡಿದಿವೆ. ಕಲ್ಲು ಎಲ್ಲಿ ಮುಗಿಯಿತು, ಬೇರು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ಹುಡುಕಬೇಕು.

ಅಂಗಡಿಯೇ ಊರಾದ ನಾಡು

ಹೊಸಂಗಡಿ ಎಂದೆನಲ್ಲ, ಆ ಹೆಸರನ್ನು ಬಿಡಿಸಿ ನೋಡಿ: ಹೊಸ ಅಂಗಡಿ! ಕರಾವಳಿಯ ನಕ್ಷೆ ತೆಗೆದು ಕೂತರೆ ಇನ್ನೂ ಸಿಗುತ್ತವೆ. ಹಳೆಯಂಗಡಿ, ಬೆಳ್ತಂಗಡಿ, ಉಪ್ಪಿನಂಗಡಿ. ದಾರಿಹೋಕರು ನಿಂತು ಉಪ್ಪು, ಅಕ್ಕಿ ಕೊಂಡ ಜಾಗಗಳು ಊರುಗಳಾದವು. ಚಿಕಾಗೋದಲ್ಲಿ ಊರು ಬೆಳೆದು ದೊಡ್ಡ ಅಂಗಡಿ ಹುಟ್ಟಿತು. ನಮ್ಮಲ್ಲಿ ಅಂಗಡಿ ಬೆಳೆದು ಊರು ಹುಟ್ಟಿತು. ಕಟ್ಟಡಕ್ಕೆ ಇಷ್ಟು ವರ್ಷ ಎಂಬ ಆಯುಷ್ಯವಿದೆ. ಜನ ದಿನಾ ಬಾಯಲ್ಲಿ ಆಡುವ ಹೆಸರು ಅದಕ್ಕಿಂತ ಗಟ್ಟಿ.

ಆ ಪೇಟೆಯ ಜೀವ ಪೂರ್ತಿ ಆರಿಲ್ಲ. ಕುಂದಾಪುರದಲ್ಲಿ ಶನಿವಾರ ಸಂತೆ ಸೇರುತ್ತದೆ. ಬಣ್ಣದ ಸೌತೆ, ಕೆಸುವಿನ ದಂಟು, ಒಣಮೀನು, ಹಿಡಿಸೂಡಿ, ಬುಟ್ಟಿ, ಘಟ್ಟದ ಮೇಲಿನ ತರಕಾರಿ ಎಲ್ಲ ನೆಲದ ಮೇಲೇ ಹರಡಿರುತ್ತವೆ. “ಹ್ವಾಯ್, ಯಾವಾಗ್ ಬಂದದ್ದ್?” ಎಂದು ಮಾರುವವರು ಕೇಳುತ್ತಾರೆ. ಸಾಮಾನಿನ ಬೆಲೆ ಅದಾದ ಮೇಲೆ.

ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಒಂದು ಶನಿವಾರವನ್ನು ಇದಕ್ಕೆಂದು ಇಟ್ಟುಕೊಳ್ಳಿ. ಅಜ್ಜಿ “ಪ್ಯಾಟಿಗ್ ಹೋಯ್ ಬತ್ತೆ” ಎಂದು ಚೀಲ ಹಿಡಿದು ಹೊರಟಾಗ ಫೋನು ಮನೆಯಲ್ಲೇ ಬಿಟ್ಟು ಅವರ ಜೊತೆ ನಡೆಯಿರಿ. ಸಂತೆ ಮುಗಿಸಿ ಬಸ್ರೂರಿಗೆ ಹೋಗಿ, ಹೊಳೆಯ ದಡದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ನಿಮ್ಮ ಊರಿನ ಸುತ್ತಮುತ್ತ ಕೇರಿ, ಅಂಗಡಿ, ಪೇಟೆ, ಸಂತೆ, ಮಂಡಿ ಎಂದು ಕೊನೆಯಾಗುವ ಅಥವಾ ಶುರುವಾಗುವ ಜಾಗದ ಹೆಸರುಗಳನ್ನು ಅಜ್ಜ, ಅಜ್ಜಿಯರನ್ನು ಕೇಳಿ ಕನ್ನಡದಲ್ಲಿ ಬರೆದು ತನ್ನಿ. ಹೆಸರಿನ ಎದುರು, ಆ ಹೆಸರು ಏಕೆ ಬಂತು ಎಂದು ಅವರು ಹೇಳಿದ್ದನ್ನೂ ಬರೆಯಿರಿ. ನೀವು ತಂದ ಪಟ್ಟಿಗಳನ್ನು ಕೂಟದ ಮುಂದಿನ ಸಂಚಿಕೆಯಲ್ಲಿ ನಿಮ್ಮ ಹೆಸರಿನೊಡನೆ ಅಚ್ಚು ಹಾಕೋಣ.