ಗಾಜನೂರಿನ ಮುತ್ತುರಾಜ, ಸಿಐಡಿ 999

ಸೂಳೆಕೆರೆ ಸುತ್ತಿನ ಹಳ್ಳಿಗಳ ಅಜ್ಜಂದಿರಿಗೆ ಸಿಐಡಿ 999 ಸಿಕ್ಕಿದ್ದು ಟೆಂಟ್ ಸಿನಿಮಾದಲ್ಲಿ, ಅಪ್ಪಂದಿರಿಗೆ ಟಿವಿಯಲ್ಲಿ. ನಮ್ಮ ಹಾಸ್ಟೆಲ್‌ನವರಿಗೆ ಮೊಬೈಲಿನಲ್ಲಿ, ಅದೂ ಒಂದು ಇಂಗ್ಲಿಷ್ ಹಾಡಿನಿಂದ!

ಹಾಡಿದವರು ಗಾಜನೂರಿನ ಮುತ್ತುರಾಜ, ಅಂದರೆ ನಮ್ಮ ಡಾ. ರಾಜ್‌ಕುಮಾರ್. ಹುಟ್ಟಿದ್ದು 1929ರ ಏಪ್ರಿಲ್ 24ರಂದು. ಅಪ್ಪ ಪುಟ್ಟಸ್ವಾಮಯ್ಯ ಗುಬ್ಬಿ ವೀರಣ್ಣನವರ ಕಂಪನಿಯ ನಟ. ಹುಡುಗ ಸಣ್ಣ ವಯಸ್ಸಿಗೇ ಶಾಲೆ ಬಿಟ್ಟ. ಮಾತು, ಹಾಡು ಕಲಿತದ್ದೆಲ್ಲ ನಾಟಕದಲ್ಲಿ. 1954ರ ‘ಬೇಡರ ಕಣ್ಣಪ್ಪ’ ಅವರನ್ನು ನಾಯಕನನ್ನಾಗಿಸಿತು. ಆಮೇಲೆ ಜನ ಅವರಲ್ಲಿ ಭಕ್ತರನ್ನು, ದೇವರನ್ನು ಕಂಡರು.

ಜೇಮ್ಸ್ ಬಾಂಡ್ ತೆರೆಗೆ ಬಂದದ್ದು 1962ರಲ್ಲಿ. 1968ರ ‘ಜೇಡರ ಬಲೆ’ಯಲ್ಲಿ ದೊರೈ–ಭಗವಾನ್ ಜೋಡಿ ಇದೇ ಕಣ್ಣಪ್ಪನಿಗೆ ಸೂಟು ತೊಡಿಸಿ ಕೈಗೆ ಪಿಸ್ತೂಲು ಕೊಟ್ಟಿತು. ಜನ ಒಪ್ಪದಿದ್ದರೆ ಕಟ್ಟಿಕೊಂಡ ಹೆಸರಿಗೇ ಪೆಟ್ಟು. ಆದರೆ ಒಪ್ಪಿದರು. ‘ಗೋವಾದಲ್ಲಿ ಸಿಐಡಿ 999’, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ಬೆನ್ನಿಗೇ ಬಂದವು. ಆ ಇಂಗ್ಲಿಷ್ ಹಾಡು ಇರೋದು 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ. ಆಗ ಅವರು ಐವತ್ತರ ಹೊಸ್ತಿಲಲ್ಲಿದ್ದರು.

2006ರ ಏಪ್ರಿಲ್ 12ರಂದು ಅಣ್ಣಾವ್ರು ಹೋದರು. ಕನ್ನಡ ಮೀಡಿಯಮ್‌ನಿಂದ ಬಂದು, ಸೆಮಿನಾರ್‌ನಲ್ಲಿ ಇಂಗ್ಲಿಷ್ ಅಂದರೆ ಬೆವರೋ ನಮಗೆ ಆ ಹಾಡು ಬರೀ ತಮಾಷೆಯ ರೀಲ್ ಅಲ್ಲ. ಶಾಲೆ ಮುಗಿಸದವರು ಅಷ್ಟು ರಾಜಾರೋಷವಾಗಿ ಹಾಡಿದ್ದಾರೆ. ವೈವಾಗೆ ಹೋಗೋ ಮುಂಚೆ ಒಂದ್ಸಲ ಕೇಳಿ.