ಹೊಲ ಪಣಕ್ಕಿಟ್ಟ ಗೌಡರು

ನಮ್ಮ ಸೇಡಂ, ಚಿತ್ತಾಪುರ ಕಡೆ ವಿಎಸ್‌ಎಸ್‌ಎನ್ ಅಂದ್ರೆ ಬೆಳೆಸಾಲ, ಸಾಲಮನ್ನಾ, ಇಲೆಕ್ಷನ್. ಇಷ್ಟೇ. ಆದರೆ ಸಹಕಾರಿ ಪಿತಾಮಹ ಅಂತ ಕರೆಸಿಕೊಳ್ಳುವ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘದ ಲೆಕ್ಕಾಚಾರವೇ ಬೇರೆ ಇತ್ತು.

1843ರಲ್ಲಿ ಹುಟ್ಟಿದ ಇವರು ಗದಗ ಹತ್ತಿರದ ಕಣಗಿನಹಾಳದವರು. ಆಗ ಅದು ಮುಂಬೈ ಪ್ರಾಂತ್ಯ. 1875ರಲ್ಲಿ ಅದೇ ಪ್ರಾಂತ್ಯದ ಪುಣೆ, ಅಹ್ಮದ್‌ನಗರದ ರೈತರು ಸಾಹುಕಾರರ ಸಾಲಪತ್ರಗಳನ್ನು ಕಸಿದು ಸುಟ್ಟರು. ಮರುವರ್ಷವೇ ಭೀಕರ ಬರ. ಸಾಲ ಮಾತ್ರ ಸುಡಲಿಲ್ಲ.

ಕೊನೆಗೆ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಒಂದೇ ಊರಿನ 10 ಮಂದಿ ಸೇರಿದರೆ ಸಂಘ ಕಟ್ಟಬಹುದು. ಆದರೆ ಹಳ್ಳಿ ಸಂಘದಲ್ಲಿ ಸದಸ್ಯರ ಹೊಣೆಗೆ ಮಿತಿಯೇ ಇಲ್ಲ. ಸಂಘ ಮುಳುಗಿದರೆ ಹಾಕಿದ ರೊಕ್ಕದ ಜೊತೆಗೆ ಮನೆ, ಹೊಲಕ್ಕೂ ಕುತ್ತು. ಅಂದರೆ ಹೆಚ್ಚು ಇದ್ದವನಿಗೇ ಹೆಚ್ಚು ಅಪಾಯ. ಆಸ್ತಿವಂತ ಗೌಡರು ಇಂಥದ್ದಕ್ಕೆ ಯಾಕೆ ಕೈ ಹಾಕಬೇಕು? ಕಾಲೇಜಿನಲ್ಲಿ ಓದಿದ ಗೇಮ್ ಥಿಯರಿ ಪ್ರಕಾರ ಅವರು ಮನೆಯಲ್ಲೇ ಕೂರಬೇಕಿತ್ತು. ಆದರೆ 1905ರಲ್ಲಿ, 62ರ ವಯಸ್ಸಿನಲ್ಲಿ, ಕಣಗಿನಹಾಳದ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ದೇಶದ ಮೊದಲನೆಯದು ಅಂತಲೇ ಅದಕ್ಕೆ ಹೆಸರು.

ಒಳ್ಳೆಯತನ ಇರಬಹುದು. ನನಗೆ ಕಾಣುವುದು ಮಾತ್ರ ನಿಯಮದ ತಾಕತ್ತು. ಪಕ್ಕದ ಮನೆಯವ ಸಾಲ ಮುಳುಗಿಸಿದರೆ ನನ್ನ ಹೊಲ ಹೋಗುತ್ತದೆ ಅಂದಾಗ, ಅವನು ಆ ರೊಕ್ಕದಲ್ಲಿ ಎತ್ತು ತಂದನೋ, ಮದುವೆ ಮಾಡಿದನೋ ಅಂತ ನಾನೇ ಕಣ್ಣಿಡುತ್ತೇನೆ. ದೂರದ ಬ್ಯಾಂಕಿನಿಂದ ಈ ಕೆಲಸ ಆಗಲ್ಲ. ಊರ ಮಂದಿ ತಾವೇ ನಿಗಾ ಇಡುವ ವ್ಯವಸ್ಥೆ ಯಾಕೆ ಬಾಳುತ್ತದೆ ಅಂತ ವಿವರಿಸಿದ ಎಲಿನರ್ ಆಸ್ಟ್ರಮ್‌ಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಕಣಗಿನಹಾಳ ಅದಕ್ಕಿಂತ ನೂರು ವರ್ಷ ಮುಂದಿತ್ತು.

ಇದರಲ್ಲೊಂದು ದೊಡ್ಡ ತೂತೂ ಇದೆ. ಕಾಯ್ದೆ ಕೂಲಿಯವರನ್ನು ಹೊರಗಿಟ್ಟಿರಲಿಲ್ಲ, ನಿಜ. ಆದರೆ ಏನೂ ಇಲ್ಲದವರ ಜೊತೆ ಮಿತಿಯಿಲ್ಲದ ಹೊಣೆ ಹೊರಲು ಹೊಲ ಇದ್ದವರು ಯಾಕೆ ಒಪ್ಪುತ್ತಾರೆ? ಆ ಲೆಕ್ಕದಲ್ಲಿ ದಲಿತ ಕೇರಿಗಳು ಎಲ್ಲಿ ಬರುತ್ತಿದ್ದವು?

ಗೌಡರು 1933ರಲ್ಲಿ ತೀರಿಕೊಂಡರು. ನಮ್ಮ ಸಂಘಗಳಲ್ಲಿ ಈಗ ರೊಕ್ಕ ಡಿಸಿಸಿ ಬ್ಯಾಂಕಿನದು, ಬಡ್ಡಿ ಸರ್ಕಾರದ್ದು. ತೊಗರಿ ಬೆಳೆಯುವ ನೆರೆಯವ ಕಂತು ತಪ್ಪಿಸಿದರೆ ನನ್ನ ಹೊಲಕ್ಕೇನೂ ಆಗಲ್ಲ. ಹಾಗಾಗಿ ನಾನು ಕೇಳುವುದೂ ಇಲ್ಲ.